ಸೀದಾ ತಿರುಗಿಸಿದ್ರೆ ಲಾಕ್

ಪಿಕಪ್ಪಿನ ಮುಂದಿನ ಚಕ್ರಗಳನ್ನು ನಾನೇ ಬಿಚ್ಚಿ, ಅವುಗಳ ನಡುವಿಗೆ ಲಾಕಿಂಗ್ ಹಬ್ ಕೂರಿಸಿ, ನಾನೇ ಮತ್ತೆ ಜೋಡಿಸುತ್ತೇನೆ, ಯಾವ ಮೆಕ್ಯಾನಿಕ್ಕಿನ ಕೈಯೂ ಸೋಕಬಾರದು ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ, ಉಪ್ಪಿಟ್ಟಿನ ತಟ್ಟೆಯ ಎದುರು. ಕೊರಟಗೆರೆಯ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಸನ್ನೆ, ರಾಟೆ, ಗೇರು, ಘರ್ಷಣೆ ಇವುಗಳನ್ನೆಲ್ಲ ಕಪ್ಪು ಹಲಗೆಯ ಮೇಲೆ ನೂರಾರು ಸಲ ಸೋಲಿಸಿದವನು. ಅಂಥವನಿಗೆ ಆರು ಬೋಲ್ಟು ಯಾವ ಮಹಾ!

"ಎಷ್ಟೊತ್ತಿನ ಕೆಲ್ಸ?" ಎಂದಳು ನನ್ನ ಹೆಂಡತಿ ರಾಧಾಮಣಿ.

"ಮಧ್ಯಾಹ್ನದ ಊಟದೊಳಗೆ ಮುಗಿಯುತ್ತೆ."

"ಯಾವ ಭಾನುವಾರದ ಊಟ?"

ಎಲ್ಲ ಸಂಶೋಧಕರೂ ಮನೆಯಲ್ಲಿ ಇಂಥ ಪ್ರಶ್ನೆಗಳನ್ನು ಎದುರಿಸಿಯೇ ಮುಂದೆ ಬಂದವರು ಎಂದು ಸಮಾಧಾನ ಮಾಡಿಕೊಂಡು ನಾನು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡೆ.

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಗಾಡಿ ನನ್ನದಲ್ಲ, ಅವಳದು. ಮಧುಗಿರಿಯ ಅಂಚಿನಲ್ಲಿರುವ ನಮ್ಮ ಮನೆಯ ಹಿಂದೆ ಅವಳ ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆ ತಂದು, ಒಡೆದು ಬಂದ ಮರಿಹುಳುಗಳಿಗೆ ಎಳೆ ಹಿಪ್ಪುನೇರಳೆ ಸೊಪ್ಪು ಹಾಕಿ, ಎರಡನೇ ಜ್ವರದ ತನಕ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವುದು ಅವಳ ಉದ್ಯೋಗ. ಜ್ವರ ಎಂದರೆ ಯಾರೂ ಗಾಬರಿಯಾಗಬೇಕಿಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಒಂದು ದಿನದ ಮಟ್ಟಿಗೆ ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸಾಗಿಸುವುದಿದ್ದರೆ ಆ ಹೊತ್ತಿನಲ್ಲೇ, ಬಿಸಿಲೇರುವ ಮುಂಚೆ, ಕುಲುಕದಂತೆ ಸಾಗಿಸಬೇಕು. ಜ್ವರ ಬಿಟ್ಟೆದ್ದ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಒಂದು ದಪ್ಪ, ಒಂದು ಸಣ್ಣ ಆಗಿ ಇಡೀ ಬೆಳೆಯೇ ಏರುಪೇರು.

ಈ ಸಲ ರಾಧಾಮಣಿಗೆ ಇನ್ನೂ ದೊಡ್ಡ ಪರೀಕ್ಷೆಯಿತ್ತು. ಪಾವಗಡ ತಾಲ್ಲೂಕಿನಲ್ಲಿ, ನಾಗಲಮಡಿಕೆಯಿಂದ ಆಚೆ ಒಂದು ಮರಳು ಹಳ್ಳ ದಾಟಿದರೆ ಸಿಗುವ ಊರಿನಿಂದ ಕಾಡಸಿದ್ದಪ್ಪ ಎಂಬ ರೈತ ಮೊದಲ ಬಾರಿಗೆ ಇನ್ನೂರು ಮೊಟ್ಟೆಯ ಚಾಕಿ, ಅಂದರೆ ಮರಿಹುಳು, ಕೇಳಿದ್ದ. ಈ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಗುಂಪು. ಅವನ ಮನೆಯಲ್ಲಿ ಹುಳು ಚೆನ್ನಾಗಿ ಎದ್ದರೆ ಆ ಊರಿನ ಉಳಿದ ಆರು ಮನೆಯವರೂ ಇವಳ ಹತ್ತಿರವೇ ಕೊಳ್ಳುವವರಿದ್ದರು. ಎದ್ದಿಲ್ಲವೋ, ಆ ಕಡೆಯ ದಾರಿ ಅವಳಿಗೆ ಮುಚ್ಚಿದಂತೆ.

ಗಾಡಿಯೂ ಪಾವಗಡದ ಕಡೆಯದೇ. ಕ್ಯಾತಗಾನಚೆರ್ಲುವಿನ ಸೋಲಾರ್ ಪಾರ್ಕಿನಲ್ಲಿ ಕಂಬ, ತಂತಿ ಹೊತ್ತು ತಿರುಗಿದ ಫೋರ್ ವೀಲ್ ಡ್ರೈವ್ ಪಿಕಪ್ಪು. ಗುತ್ತಿಗೆದಾರನೊಬ್ಬ ಮಾರಿದಾಗ ರಾಧಾಮಣಿ ಕೊಂಡಿದ್ದಳು. ಅದರ ಒಂದು ದುರಭ್ಯಾಸವೆಂದರೆ, ಟಾರು ರಸ್ತೆಯಲ್ಲಿ ಹಿಂದಿನ ಚಕ್ರಗಳಷ್ಟೇ ಎಳೆಯುತ್ತಿರುವಾಗಲೂ ಮುಂದಿನ ಚಕ್ರಗಳ ಜೊತೆ ಅವುಗಳ ಹಿಂದಿನ ಆಕ್ಸಲ್ ರಾಡುಗಳೂ ಗೇರುಗಳೂ ಸುಮ್ಮನೆ ಸುತ್ತುತ್ತಿದ್ದವು. ಕೆಲಸವಿಲ್ಲದಿದ್ದರೂ ಸ್ಟಾಫ್ ರೂಮಿನಲ್ಲಿ ಓಡಾಡುವವರ ಹಾಗೆ. ಲಾಕಿಂಗ್ ಹಬ್ ಎಂದರೆ ಇದಕ್ಕೆ ಮದ್ದು. ಚಕ್ರದ ನಟ್ಟನಡುವೆ ಕೂರುವ ಒಂದು ತಿರುಗಣಿ. ಒಂದು ಕಡೆ ತಿರುಗಿಸಿದರೆ ಚಕ್ರಕ್ಕೂ ರಾಡಿಗೂ ಸಂಬಂಧ ಕಡಿಯುತ್ತದೆ, ಅದು ಫ್ರೀ. ಇನ್ನೊಂದು ಕಡೆ ತಿರುಗಿಸಿದರೆ ಎರಡೂ ಒಂದಾಗುತ್ತವೆ, ಅದು ಲಾಕ್. ಕೆಸರು, ಮರಳು ಬಂದಾಗ ಕೆಳಗಿಳಿದು ಎರಡೂ ಚಕ್ರ ಲಾಕ್ ಮಾಡಿ, ಒಳಗೆ ಕೂತು ಲಿವರ್ ಎಳೆದರೆ ನಾಲ್ಕೂ ಚಕ್ರ ಎಳೆಯುತ್ತವೆ. ಇಷ್ಟೇ ತತ್ವ. ಹತ್ತನೇ ತರಗತಿಯವರಿಗೆ ಅರ್ಧ ಪೀರಿಯಡ್ಡಿನ ಪಾಠ.

ಹಬ್ ಸಿಕ್ಕಿದ್ದು ಶಿರಾದ ತಿಮ್ಮರಾಜುವಿನ ಗ್ಯಾರೇಜಿನಲ್ಲಿ. ಸಾಬರ ಗ್ಯಾರೇಜುಗಳಲ್ಲೇ ಕೆಲಸ ಕಲಿತು ಬೆಳೆದ ತಿಮ್ಮರಾಜು ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಗಾಡಿ ಕೆಳಗೆ ಮಲಗಿದರೆ ಅರ್ಧ ಉರ್ದು. ಯಾವುದೋ ಹಳೆಯ ಜೀಪಿನಿಂದ ಬಿಚ್ಚಿದ ಜೋಡಿ ಹಬ್ಬನ್ನು ಬಟ್ಟೆಯಲ್ಲಿ ಒರೆಸಿ ಮುಂದಿಟ್ಟ. ಗಟ್ಟಿ ಮಾಲು. ಆದರೆ ಮೇಲಿದ್ದ ಅಕ್ಷರಗಳೆಲ್ಲ ಸವೆದು ನುಣ್ಣಗಾಗಿದ್ದವು.

"ಗಾಡಿ ಇಲ್ಲೇ ಬುಟ್ಟೋಗಿ ಸಾರ್. ಸಂಜೆ ಒಳಗೆ ಬರಾಬರ್ ಮಾಡಿ ಕೊಡ್ತೀನಿ."

"ಬೇಡ, ನಾನೇ ಹಾಕ್ಕೋತೀನಿ. ತತ್ವ ಗೊತ್ತಿದ್ದರೆ ಸಾಕು."

"ತತ್ವ ಐತಾ? ಹಂಗಾದ್ರೆ ಸರ್ಕ್ಲಿಪ್ ತೆಗಿಯೋ ಈ ಇಕ್ಕಳಾನೂ ತಗೊಂಡೋಗಿ. ತತ್ವಕ್ಕೆ ಅದು ಬರಾಕಿಲ್ಲ."

ಹೊರಡುವಾಗ ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ನೋಡಿ ಸಾರ್, ಅಕ್ಷರ ಹೋಗವೆ. ನೆಪ್ಪಿಟ್ಕಳಿ. ಸೀದಾ ತಿರುಗಿಸಿದ್ರೆ ಲಾಕ್, ಉಲ್ಟಾ ತಿರುಗಿಸಿದ್ರೆ ಫ್ರೀ. ಎರಡೂ ಸೈಡು ಅಷ್ಟೇ. ತಿಳೀತಾ?"

"ಇದರಲ್ಲಿ ತಿಳಿಯೋಕೆ ಏನಿದೆ ತಿಮ್ಮರಾಜು?" ಎಂದು ನಕ್ಕೆ.

ಮೊದಲನೇ ಭಾನುವಾರ ಆರು ಬೋಲ್ಟುಗಳಲ್ಲಿ ಐದು ಬಿಚ್ಚಿಕೊಂಡವು. ಆರನೆಯದು ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ನನ್ನನ್ನು ಪರೀಕ್ಷಿಸಿ, ಕಡೆಗೆ ತಲೆ ಮುರಿದುಕೊಂಡಿತು. ಅದನ್ನು ಕೊರೆದು ತೆಗೆಯುವ ಹೊತ್ತಿಗೆ ನಾನು ಬೋಲ್ಟು, ವಾಷರು, ಹಬ್ಬಿನ ಒಳಭಾಗಗಳನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದು, ಅಂಗಳದಲ್ಲಿದ್ದ ಒಂದು ಸ್ವಚ್ಛವಾದ ನೀಲಿ ಟ್ರೇಯಲ್ಲಿ ಸಾಲಾಗಿ ಜೋಡಿಸಿದ್ದೆ. ಬೇರಿಂಗಿನ ಸಂದಿಗೆ ಗ್ರೀಸು ಸವರಲು ಬೆರಳು ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಒಂದು ಕೋಳಿ ಗರಿ ಸಿಕ್ಕಿತು. ಎಂಥ ಮೃದುವಾದ, ಎಂಥ ಅನುಕೂಲವಾದ ಸಾಧನ!

ಒಳಗಿನಿಂದ ರಾಧಾಮಣಿ ಕೂಗಿದಳು. "ರೀ, ನನ್ನ ಗರಿ ನೋಡಿದ್ರಾ?"

"ಯಾವ ಗರಿ?"

"ಹುಳ ಎತ್ತೋ ಗರಿ. ಬಿಳೀದು."

ನಾನು ಕೈಯಲ್ಲಿದ್ದ ಗರಿಯನ್ನು ನೋಡಿದೆ. ಅದು ಕಡುಗಪ್ಪಗಿತ್ತು. "ಬಿಳೀದು ಇಲ್ಲಿಲ್ಲ" ಎಂದೆ. ಆ ಕ್ಷಣಕ್ಕೆ ಅದು ವೈಜ್ಞಾನಿಕವಾಗಿ ಸತ್ಯ.

ಅವಳು ಹೊರಗೆ ಬಂದಳು. ಗರಿ ನೋಡಿದಳು. ಟ್ರೇ ನೋಡಿದಳು. ಚಾಕಿ ಮನೆಗೆ ಕಾಲಿಡುವ ಮುಂಚೆ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಬೇಕು, ಊದಿನಕಡ್ಡಿಯ ಹೊಗೆಯೂ ಹುಳುವಿಗೆ ಆಗದು ಎಂಬುದು ಅವಳ ಕಾಯಿದೆ. ಆ ಕಾಯಿದೆಯ ರಾಜ್ಯದಲ್ಲಿ ನಾನು ಡೀಸೆಲ್ ಅಂಗಡಿ ತೆರೆದಿದ್ದೆ.

"ಇದು ಹುಳದ ಟ್ರೇ."

"ತೊಳೆದರೆ ಹೋಗುತ್ತೆ."

"ತೊಳೀರಿ. ಬರೀ ಇದಲ್ಲ, ಒಳಗಿರೋ ನಲವತ್ತೂ ತೊಳೀರಿ. ಅಂಗೇ ನೀವೂ ತೊಳ್ಕಳಿ."

ಎರಡನೇ ಭಾನುವಾರ ಸರ್ಕ್ಲಿಪ್ಪಿನದು. ರಾಡಿನ ತುದಿಯಲ್ಲಿ ಬಿಗಿಯಾಗಿ ಕೂರುವ, ಬಳೆಯ ಚೂರಿನಂಥ ಒಂದು ಉಕ್ಕಿನ ಉಂಗುರ. ತಿಮ್ಮರಾಜುವಿನ ಇಕ್ಕಳದಿಂದ ಅದನ್ನು ಅಗಲಿಸುತ್ತಿದ್ದಂತೆ "ಟಿಂಗ್" ಎಂದಿತು. ಮುಂದಿನ ಕ್ಷಣ ಇಕ್ಕಳ ಇತ್ತು, ನಾನಿದ್ದೆ, ಉಂಗುರ ಇರಲಿಲ್ಲ. ತಗಡಿನ ಮೇಲೆ ಬಿದ್ದ ಸದ್ದು ಕೇಳಿದ್ದರಿಂದ ಚಾವಣಿ ಹತ್ತಿ ಒಂದು ಗಂಟೆ ಹುಡುಕಿದೆ.

"ಮ್ಯಾಲೆ ಏನ್ರೀ ಮಾಡ್ತಾ ಇದೀರಿ?"

"ಒಂದು ಸಣ್ಣ ಭಾಗ ಹಾರಿದೆ."

"ಹಾರಿದ್ದು ತಗಡಿಗೆ ಬಡಿದು ಡ್ರಮ್ಮಿಗೆ ಬಿತ್ತಲ್ಲ, ಗುಳುಕ್ ಅಂತ. ನಾನು ಸೊಪ್ಪು ಹೆಚ್ತಾ ನೋಡ್ದೆ."

"ಆಗಲೇ ಹೇಳಬಾರದಾ?"

"ಸೂರ್ಯಗ್ರಹಣ ನೋಡಾಕ್ ಹತ್ತಿದ್ರೇನೋ ಅಂದ್ಕಂಡೆ."

ಇನ್ನೂರು ಲೀಟರ್ ಡ್ರಮ್ಮಿನ ತಳದಿಂದ ಅದನ್ನು ಎತ್ತಲು ಶಾಲೆಯ ಪ್ರಯೋಗಾಲಯದ ಲಾಳಾಕಾರದ ಅಯಸ್ಕಾಂತವೇ ಬರಬೇಕಾಯಿತು. ಸೋಮವಾರ ತಂದು, ದಾರ ಕಟ್ಟಿ ಇಳಿಬಿಟ್ಟೆ. ನಾಲ್ಕು ಮೊಳೆ, ಒಂದು ಹೇರ್‌ಪಿನ್ನು, ಎರಡು ಬಾಟಲಿ ಮುಚ್ಚಳ ಬಂದ ಮೇಲೆ ಉಂಗುರವೂ ಬಂತು. ವಿಜ್ಞಾನ ಗೆದ್ದಿತು ಎಂದು ನಾನು ಹೇಳುವಷ್ಟರಲ್ಲಿ ರಾಧಾಮಣಿ ಹೇರ್‌ಪಿನ್ನನ್ನು ಎತ್ತಿಕೊಂಡು ಹೋಗಿದ್ದಳು.

"ಹಬ್ಬು ಹಬ್ಬು ಅಂತೀರಿ, ಯುಗಾದಿ ಹಬ್ಬಾನೇ ಎರಡು ದಿನಕ್ಕೆ ಮುಗೀತದೆ" ಎಂದಳು ಮೂರನೇ ಭಾನುವಾರ. ಆದರೆ ಅಂದು ಮುಗಿಯಿತು. ಎರಡೂ ಹಬ್ಬು ಕೂತವು. ಬಲಗಡೆಯ ಚಕ್ರವನ್ನು ಜಾಕಿಯಲ್ಲಿ ಎತ್ತಿ, ತಿರುಗಣಿಯನ್ನು ಗಾಡಿ ಹೋಗುವ ದಿಕ್ಕಿಗೆ, ಅಂದರೆ ಸೀದಾ, ತಿರುಗಿಸಿದೆ. ಚಕ್ರವನ್ನು ಕೈಯಲ್ಲಿ ಸುತ್ತಿದರೆ ಒಳಗಿನ ರಾಡೂ ಸುತ್ತಿತು. ಲಾಕ್! ಹಿಂದಕ್ಕೆ ತಿರುಗಿಸಿದೆ. ಚಕ್ರ ಮಾತ್ರ ಸುತ್ತಿತು, ರಾಡು ನಿಂತಿತು. ಫ್ರೀ! ಇಪ್ಪತ್ತೆರಡು ವರ್ಷ ಪುಸ್ತಕದಿಂದ ಹೇಳಿದ್ದು ಬೆರಳ ತುದಿಯಲ್ಲಿ ನಡೆಯಿತು. ನನಗಾದ ಸಂತೋಷವನ್ನು ಏನೆಂದು ಹೇಳಲಿ!

"ಎಡಗಡೇದು ನೋಡಲ್ವಾ?" ಎಂದಳು ರಾಧಾಮಣಿ.

"ಒಂದು ಕಡೆ ನಿಜವಾದ ನಿಯಮ ಇನ್ನೊಂದು ಕಡೆಗೂ ನಿಜ. ಅದಕ್ಕೇ ಅದನ್ನು ನಿಯಮ ಅನ್ನೋದು."

ಅಕ್ಷರ ಸವೆದ ಕೊರತೆಯನ್ನೂ ನೀಗಿಸಿಬಿಡೋಣವೆಂದು ಹಳದಿ ಬಣ್ಣ ತಂದು ಎರಡೂ ಹಬ್ಬಿನ ಮೇಲೆ ಒಂದೊಂದು ಬಾಣ ಬರೆದೆ. ಎರಡೂ ಬಾಣ ಗಾಡಿಯ ಮುಂದಿನ ದಿಕ್ಕಿಗೆ ಬಾಗಿದ್ದವು. ಕೆಳಗೆ ಸಣ್ಣದಾಗಿ "ಲಾಕ್" ಎಂದು ಬರೆದೆ. ಅಕ್ಷರ ಚೆನ್ನಾಗಿದೆ ಎಂದು ಅವಳೂ ಒಪ್ಪಿದಳು. ಆಮೇಲೆ ಟಾರು ರಸ್ತೆಯ ಓಟಕ್ಕೆಂದು ಎರಡನ್ನೂ ಬಾಣಕ್ಕೆ ವಿರುದ್ಧವಾಗಿ ತಿರುಗಿಸಿ ಫ್ರೀ ಮಾಡಿದೆ. ಮಾಡಿದೆ ಎಂದುಕೊಂಡೆ.

ನಾಲ್ಕನೇ ಭಾನುವಾರ ಬೆಳಗಿನ ಐದೂಕಾಲಿಗೆ ಹೊರಟೆವು. ಹಿಂದೆ ಹದಿನಾರು ಟ್ರೇ, ಮೇಲೆ ಒದ್ದೆ ಗೋಣಿ. ಟ್ರೇಗಳಲ್ಲಿ ಇನ್ನೂರು ಮೊಟ್ಟೆಯ ಹುಳುಗಳು, ಎಲ್ಲವೂ ತಲೆ ಎತ್ತಿಕೊಂಡು ಜ್ವರದಲ್ಲಿ.

"ಒಂಬತ್ತೂವರೆಗೆ ಏಳಾಕೆ ಶುರು ಮಾಡ್ತವೆ. ಅಷ್ಟೊತ್ತಿಗೆ ಮನೆ ಸೇರಿ, ಮ್ಯಾಲೆ ಸೊಪ್ಪು ಬೀಳಂಗಿರಬೇಕು. ನಲವತ್ತು ದಾಟಬ್ಯಾಡಿ."

ನಾನು ದಾಟಲಿಲ್ಲ. ಮಿಡಿಗೇಶಿ ದಾಟುವಾಗ ಬೆಳಕು ಬಿಟ್ಟಿತು. ಸ್ಟಿಯರಿಂಗ್ ಎಂದಿಗಿಂತ ಹಗುರವಾಗಿತ್ತು, ಇಂಜಿನ್ನು ಎಂದಿಗಿಂತ ನಯವಾಗಿ ಹಾಡುತ್ತಿತ್ತು. ಅದು ಹಗುರವಾದದ್ದು ಗಾಡಿಯೋ ಎದೆಯೋ ಎಂದು ಈಗ ಅನುಮಾನವಿದೆ. ಆಗ ಇರಲಿಲ್ಲ. ಪಾವಗಡ ಏಳೂಕಾಲು. ನಾಗಲಮಡಿಕೆ ಏಳೂ ಮುಕ್ಕಾಲು. ಎಂಟಕ್ಕೆ ಸರಿಯಾಗಿ ಹಳ್ಳದ ದಡದಲ್ಲಿದ್ದೆವು. ಎದುರಿಗೆ ನೂರೈವತ್ತು ಮೀಟರ್ ಅಗಲದ ಒಣ ಮರಳು, ಅದರಾಚೆ ಕಾಡಸಿದ್ದಪ್ಪನ ಊರಿನ ಹುಣಸೆ ಮರಗಳು.

"ಬ್ರಿಡ್ಜ್ ಮ್ಯಾಲೆ ಹೋಗಿ" ಎಂದಳು ರಾಧಾಮಣಿ.

"ಬ್ರಿಡ್ಜು ಆರು ಕಿಲೋಮೀಟರ್ ಸುತ್ತು. ಇಲ್ಲಿ ಐದು ನಿಮಿಷ."

"ಹೊತ್ತು ಬೇಕಾದಷ್ಟೈತೆ."

"ಅಲ್ಲಿ ಜಲ್ಲಿ ರಸ್ತೆ, ಕುಲುಕುತ್ತೆ. ಮರಳು ಮೆತ್ತಗಿರುತ್ತೆ. ಹುಳುಗಳ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡು."

"ನೀವು ಯಾವಾಗಿಂದ ಹುಳದ ಪಾರ್ಟಿ?"

ನಾನು ಆಗಲೇ ಕೆಳಗಿಳಿದಾಗಿತ್ತು. ಇದೇ ಕ್ಷಣಕ್ಕಾಗಿ ಮೂರು ಭಾನುವಾರ, ಒಂದು ಗರಿ, ನಲವತ್ತು ಟ್ರೇ ವ್ಯಯಿಸಿದ್ದೆ. ಬಲಗಡೆಯ ಹಬ್ಬನ್ನು ಬಾಣದಂತೆ ತಿರುಗಿಸಿದೆ. ಎಡಗಡೆಯದನ್ನೂ ಬಾಣದಂತೆ ತಿರುಗಿಸಿದೆ. ಎರಡೂ "ಕಟಕ್" ಎಂದು ಕೂತವು. ಒಳಗೆ ಬಂದು ಲಿವರ್ ಎಳೆದೆ. "ಈಗ ನಾಲ್ಕೂ ಚಕ್ರ ಒಂದೇ ಮನಸ್ಸಿನಲ್ಲಿವೆ" ಎಂದು ಹೆಂಡತಿಗೆ ತಿಳಿಸಿದೆ. ಅವಳು ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನಲವತ್ತು ಮೀಟರ್ ಹೋದೆವು. ನಲವತ್ತೊಂದನೆಯದರಲ್ಲಿ ಗಾಡಿ ಸೊಂಟ ಮುರಿದ ಎಮ್ಮೆಯಂತೆ ಹಿಂದೆ ಕುಸಿಯಿತು. ಹಿಂದಿನ ಚಕ್ರಗಳು ಮರಳನ್ನು ಎರಚುತ್ತ ಗುಂಡಿ ತೋಡಿದವು. ಮುಂದಿನ ಚಕ್ರಗಳು ಒಂದಿಷ್ಟೂ ಅಲ್ಲಾಡಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂಭಾಗ ಇಳಿಯಿತು. ಮೂರನೇ ಪ್ರಯತ್ನಕ್ಕೆ ನಂಬರ್ ಪ್ಲೇಟು ಮರಳಿಗೆ ಮುತ್ತಿಟ್ಟಿತು.

"ನಿಲ್ಸಿ. ಟ್ರೇ ಅದುರ್ತಾ ಅವೆ" ಎನ್ನುತ್ತ ರಾಧಾಮಣಿ, ನಾನಿನ್ನೂ ಒತ್ತುತ್ತಿರುವಾಗಲೇ ಇಳಿದು, ತನ್ನ ಕಡೆಯ ಚಕ್ರದ ಕೆಳಗೊಮ್ಮೆ ಬಗ್ಗಿ ನೋಡಿದಳು. ಹಿಂದೆ ಹೋಗಿ ಗೋಣಿ ಸರಿಸಿ ನೋಡಿದಳು. ಅವಳ ಮುಖ ಬದಲಾಯಿತು. ನಾನೂ ಹೋಗಿ ಬಗ್ಗಿದೆ. ಮೂಲೆಯ ಟ್ರೇಯಲ್ಲಿ ನಾಲ್ಕಾರು ಹುಳುಗಳು ಎತ್ತಿದ ತಲೆ ಇಳಿಸಿ, ಬಾಯಿ ಆಡಿಸುತ್ತ, ಸೊಪ್ಪಿಗಾಗಿ ಅತ್ತಿತ್ತ ತಡಕುತ್ತಿದ್ದವು.

"ಆಗ್ಲೇ ಏಳ್ತಾ ಅವೆ" ಎಂದಳು. "ಬೇಗ ಆಗೋಯ್ತು. ಒಂದು ಗಂಟೇಲಿ ಎಲ್ಲಾ ಎದ್ದು ಕುಂತ್ಕತವೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ವರ್ಷದಿಂದ ಪಾವಗಡದ ಕಡೆ ಹೆಜ್ಜೆ ಇಡಬೇಕೆಂದು ಅವಳು ಊರೂರು ತಿರುಗಿದ್ದು, ಆ ಆರು ಮನೆಯ ಹೆಸರುಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟದ್ದು ನನಗೆ ಗೊತ್ತಿತ್ತು. ಅವಳು ಫೋನು ತೆಗೆದು ಕಾಡಸಿದ್ದಪ್ಪನಿಗೆ ಮಾತಾಡಿದಳು. ಹತ್ತು ನಿಮಿಷದಲ್ಲಿ ಅವನು ಆಚೆ ದಡದಿಂದ ನಡೆದು ಬಂದ. ಜೊತೆಗೆ ಅವನ ಹೆಂಡತಿ ಜಗದಾಂಬ, ಮತ್ತಿಬ್ಬರು ಹೆಂಗಸರು.

ಕಾಡಸಿದ್ದಪ್ಪ ಗಾಡಿಯನ್ನು ಒಂದು ಸುತ್ತು ಬಂದ. ಆಂಧ್ರದ ಗಡಿಯವನಾದ್ದರಿಂದ ಅವನ ಕನ್ನಡದಲ್ಲಿ ತೆಲುಗು ಬೆರೆತಿತ್ತು. "ಏಮಿ ಸಾರ್, ಈಡ ಯಾಕ್ ನಿಲ್ಸಿದ್ರಿ? ಮರಳು ಲೋಡ್ ಮಾಡ್ತೀರಾ?"

"ಸಿಕ್ಕಿಕೊಂಡಿದೆ."

"ನಾಲ್ಕು ಚಕ್ರದ ಬಂಡಿ ಅಂತ ಅಮ್ಮ ಹೇಳಿತ್ತು."

"ನಾಲ್ಕು ಚಕ್ರದ್ದೇ."

"ಸರೇ. ಎರಡು ತಿರುಗಿದ್ರೆ ಎರಡಕ್ಕೆ ರಜಾ ಏನೋ." ಅವನು ನಗಲಿಲ್ಲ. ಅದೇ ಕಷ್ಟವಾದದ್ದು.

"ನಿಮ್ಮ ಟ್ರ್ಯಾಕ್ಟರ್ ತಂದು ಎಳೀಬಹುದಾ?"

"ಟ್ರ್ಯಾಕ್ಟ್ರು ಗೊಬ್ಬರಕ್ಕೆ ಪಾವಗಡಕ್ಕೆ ಹೋಗೈತೆ ಸಾರ್. ಹನ್ನೆರಡಕ್ಕೆ ಬತ್ತದೆ."

"ಹನ್ನೆರಡಕ್ಕೆ ಹುಳ ನಮ್ಮನ್ನೇ ತಿಂತವೆ" ಎಂದಳು ರಾಧಾಮಣಿ. "ಅಕ್ಕ, ಹೊತ್ಕಂಡು ಹೋಗನಾ?"

ಜಗದಾಂಬ ಆಗಲೇ ಸೆರಗಿನಿಂದ ಹಳೆಯ ಬಟ್ಟೆಗಳನ್ನು ತೆಗೆದು ಸುತ್ತಿ ಸಿಂಬೆ ಮಾಡುತ್ತಿದ್ದಳು. "ಅದಕ್ಕೇ ಬಂದಿದ್ದು ಕಣಮ್ಮ. ಈ ಹಳ್ಳದಾಗೆ ಬಂಡಿ ನಂಬ್ಕಂಡು ಯಾರು ಬತ್ತಾರೆ? ಏ, ನೀನು ಹೋಗಿ ಸೊಪ್ಪು ಹಾಸು, ನಿಂತ್ಕಂಡು ನೋಡ್ಬ್ಯಾಡ" ಎಂದು ಗಂಡನನ್ನು ಅಟ್ಟಿದಳು.

ನಾಲ್ವರೂ ಸಿಂಬೆ ಇಟ್ಟು, ತಲೆಗೆ ಎರಡೆರಡು ಟ್ರೇ ಹೊತ್ತು, ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಸಾಲಾಗಿ ಮರಳಿನ ಮೇಲೆ ಹೊರಟರು. ಸೊಂಟದಿಂದ ಕೆಳಗೆ ಮಾತ್ರ ನಡೆಯುವ ಆ ನಡಿಗೆಯಲ್ಲಿ ಟ್ರೇಗಳು ಕೆರೆಯ ಮೇಲಿನ ಎಲೆಯಂತೆ ನಿಶ್ಚಲವಾಗಿದ್ದವು. ಇಪ್ಪತ್ತು ನಿಮಿಷದಲ್ಲಿ ವಾಪಸು ಬಂದು ಉಳಿದ ಎಂಟನ್ನೂ ಎತ್ತಿಕೊಂಡರು.

"ನಾನೂ ಎರಡು ಹೊರಲಾ?" ಎಂದೆ.

"ನೀವು ನಿಮ್ ಚಕ್ರ ನೋಡ್ಕಳಿ" ಎಂದಳು ರಾಧಾಮಣಿ. ಎರಡು ಹೆಜ್ಜೆ ಹೋಗಿ, ತಲೆ ಅಲ್ಲಾಡಿಸುವಂತಿಲ್ಲದ್ದರಿಂದ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ ನಿಂತಳು. "ಆಗ ನೀವು ಎಕ್ಸಿಲೇಟರ್ ಒತ್ತುವಾಗ ಕೆಳಗೆ ಬಗ್ಗಿ ನೋಡ್ದೆ. ಎಡಗಡೆ ಚಕ್ರದ ಹಿಂದಿನ ರಾಡು ಗಿರಗಿರ ಅಂತ ಅದೊಂದೇ ಸುತ್ತುತಾ ಇತ್ತು. ಚಕ್ರ ನಿಂತಿತ್ತು. ಅದೇನು ನೋಡಿ."

ಅವರು ಹೋದ ಮೇಲೆ ನಾನು ಮರಳಿನ ಮೇಲೆ ಕೂತು ಯೋಚಿಸಿದೆ. ಎಡಗಡೆಯ ರಾಡು ಒಂದೇ ಸುತ್ತುತ್ತಿದೆ ಎಂದರೆ ಎಡಗಡೆಯ ಹಬ್ಬು ಲಾಕ್ ಆಗಿಲ್ಲ. ಮುಂದಿನ ಆಕ್ಸಲಿಗೆ ಬಂದ ಶಕ್ತಿಯೆಲ್ಲ ಸುಲಭದ ದಾರಿ ಹಿಡಿದು ಆ ಬಿಡುವಾದ ರಾಡನ್ನೇ ಸುತ್ತಿಸುತ್ತಿದೆ. ಮರಳಲ್ಲಿ ಕೂತ ಬಲಗಡೆಯ ಚಕ್ರಕ್ಕೆ ಏನೂ ಸಿಗುತ್ತಿಲ್ಲ. ನಿಯಮ ಸರಿಯಾಗಿತ್ತು. ಆದರೆ ನಾನು ಲಾಕ್ ಮಾಡಿದ್ದೇನಲ್ಲ! ಬಾಣ ಅಲ್ಲೇ ಹಳದಿಯಾಗಿ ಹೊಳೆಯುತ್ತಿತ್ತು. ತಿಮ್ಮರಾಜುವಿಗೆ ಫೋನ್ ಮಾಡಿದೆ.

"ನಿನ್ನ ಮಾಲು ಕೆಟ್ಟಿದೆ ಕಣಯ್ಯ. ಎಡಗಡೆಯದು ಹಿಡೀತಿಲ್ಲ."

"ಆಗಾಕೇ ಇಲ್ಲ ಸಾರ್. ಸೀದಾ ತಿರುಗಿಸಿದ್ರಾ?"

"ಸೀದಾನೇ ತಿರುಗಿಸಿದ್ದು. ಎರಡೂ ಕಡೆ."

"ಎಡಗಡೇದು ಎತ್ತಗೆ ತಿರುಗಿಸಿದ್ರಿ?"

"ಮುಂದಕ್ಕೆ. ಗಾಡಿ ಹೋಗೋ ಕಡೆಗೆ. ಸೀದಾ."

ಆ ಕಡೆ ಯಾರೋ ಸುತ್ತಿಗೆಯಿಂದ ತಗಡು ಬಡಿಯುವುದು ನಿಂತಿತು. ತಿಮ್ಮರಾಜು ಕೈ ಸನ್ನೆ ಮಾಡಿ ನಿಲ್ಲಿಸಿರಬೇಕು.

"ಸಾರ್, ನೀವು ಊಟ ಮಾಡೋದು ಯಾವ ಕೈಲಿ?"

"ಏನಯ್ಯ ಅದು? ಬಲಗೈಲಿ."

"ಅದೇ ಸಾರ್ ಸೀದಾ ಕೈ. ಸೀದಾ ಅಂದ್ರೆ ಬಲಕ್ಕೆ. ಗಡಿಯಾರದ ಮುಳ್ಳು ತಿರುಗಿದಂಗೆ. ಚಕ್ರದ ಎದುರಿಗೆ ಕುಂತ್ಕಂಡು ಎರಡೂ ಕಡೆ ಬಲಕ್ಕೆ. ನಮ್ ಗ್ಯಾರೇಜ್‌ನಾಗೆ ಚಿಕ್ಕ ಮಕ್ಕಳಿಗೂ ಗೊತ್ತು."

"ನಮ್ಮ ಕಡೆ ಸೀದಾ ಅಂದರೆ ನೆಟ್ಟಗೆ ಮುಂದಕ್ಕೆ."

"ನಿಮ್ ಕಡೆ ಬಸ್ ಸ್ಟ್ಯಾಂಡ್‌ಗೆ ದಾರಿ ಕೇಳಿದ್ರೆ ಹಂಗೆ ಸಾರ್. ಬೋಲ್ಟಿಗೆ ಹಂಗಲ್ಲ."

ಫೋನ್ ಇಟ್ಟು ಬಲಗಡೆಯ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಮುಂದಕ್ಕೆ ಎಂದರೆ ಬಲಕ್ಕೆ. ಎದ್ದು ಆಚೆ ಹೋಗಿ ಎಡಗಡೆಯ ಚಕ್ರದ ಮುಂದೆ ಕೂತೆ. ಮುಂದಕ್ಕೆ ಎಂದರೆ ಎಡಕ್ಕೆ. ಗಾಡಿ ಅದೇ, ದಿಕ್ಕು ಅದೇ. ಕೂತವನು ಮಾತ್ರ ತಿರುಗಿ ಕೂತಿದ್ದ. ನನ್ನ ಬಾಣಗಳನ್ನು ನಂಬಿದ ದಿನದಿಂದ, ನಾನು ಲಾಕ್ ಮಾಡಿದಾಗ ಬಲಗಡೆಯದು ಲಾಕ್ ಆಗಿ ಎಡಗಡೆಯದು ಫ್ರೀ ಆಗಿತ್ತು. ಫ್ರೀ ಮಾಡಿದಾಗ ಎಡಗಡೆಯದು ಲಾಕ್ ಆಗಿ ಬಲಗಡೆಯದು ಫ್ರೀ ಆಗಿತ್ತು. ಯಾವ ಕಾಲಕ್ಕೂ, ಏನೇ ಮಾಡಿದರೂ, ಸರಿಯಾಗಿ ಒಂದೇ ಚಕ್ರ ಡ್ಯೂಟಿಯಲ್ಲಿರುವಂಥ ವ್ಯವಸ್ಥೆಯನ್ನು ನಾನು ಮೂರು ಭಾನುವಾರ ದುಡಿದು ಕಟ್ಟಿದ್ದೆ. ಇದನ್ನು ಬೇಕೆಂದೇ ಮಾಡು ಎಂದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ಎಡಗಡೆಯ ತಿರುಗಣಿಯನ್ನು ನನ್ನದೇ ಬಾಣಕ್ಕೆ ಬೆನ್ನು ಮಾಡಿ ಬಲಕ್ಕೆ ತಿರುಗಿಸಿದೆ. ಹಿಂದಿನ ಚಕ್ರಗಳ ಮುಂದಿನ ಮರಳನ್ನು ಕೈಯಲ್ಲೇ ತೋಡಿ, ಖಾಲಿ ಗೋಣಿಗಳನ್ನು ಹಾಸಿದೆ. ಒಳಗೆ ಕೂತು, ಲಿವರ್ ಎಳೆದು, ಮೊದಲನೇ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟೆ.

ಓದುಗರೇ, ಗಾಡಿ ಎದ್ದಿತು! ಮುಂದಿನ ಎರಡೂ ಚಕ್ರ ಮರಳನ್ನು ಹಿಡಿದು ಎಳೆದ ಆ ಎಳೆತ ನನ್ನ ಬೆನ್ನುಮೂಳೆಯವರೆಗೆ ಬಂತು. ನಂಬರ್ ಪ್ಲೇಟು ಮೇಲೆ ಬಂತು, ಬಂಪರು ಮೇಲೆ ಬಂತು, ಗುಂಡಿ ಹಿಂದೆ ಉಳಿಯಿತು. ಐವತ್ತು ಮೀಟರು, ಎಂಬತ್ತು ಮೀಟರು. ಎಲ್ಲಿ ಮರಳು ಆಳವಿತ್ತೋ ಬೇಕೆಂದೇ ಅಲ್ಲೇ ಬಿಟ್ಟೆ. ಅಲ್ಲೂ ನಿಲ್ಲಲಿಲ್ಲ. ಅಡ್ಡಲಾಗಿ ಒಂದು ಸುತ್ತು ಹೊಡೆದೆ. ಯಾರೂ ನೋಡುತ್ತಿರಲಿಲ್ಲ ಎಂಬುದೊಂದೇ ಕೊರತೆ. ಆಚೆ ದಡದ ಏರನ್ನು ಗಾಡಿ ಆನೆಯಂತೆ ಹತ್ತಿತು. ಹುಣಸೆ ಮರಗಳ ಕೆಳಗೆ, ಕಾಡಸಿದ್ದಪ್ಪನ ಹುಳುಮನೆಯ ಮುಂದೆ, ಹಾರ್ನು ಬಾರಿಸುತ್ತ ಬಂದು ನಿಂತೆ.

ಬಾಗಿಲಿನಿಂದ ರಾಧಾಮಣಿಯ ತಲೆ ಹೊರಬಂತು. "ಹಾರ್ನ್ ನಿಲ್ಸಿ. ಹುಳ ಎದ್ದವೆ."

ಕಾಲು ತೊಳೆದು ಒಳಗೆ ಹೋದೆ. ತಟ್ಟಿಗಳ ಮೇಲೆ ಹಸಿ ಸೊಪ್ಪು ಹಾಸಿತ್ತು. ಹುಳುಗಳು ಒಂದೂ ಹಿಂದೆ ಬೀಳದೆ, ಒಂದೇ ಅಳತೆಗೆ ಕತ್ತರಿಸಿದ ದಾರಗಳ ಹಾಗೆ, ಎಲೆಯ ಅಂಚಿಗೆ ಹತ್ತಿಕೊಂಡಿದ್ದವು. ಸುತ್ತ ಆರೇಳು ಜನ ಬಗ್ಗಿ ನೋಡುತ್ತಿದ್ದರು. ಕ್ಯಾಲೆಂಡರಿನ ಹಿಂದಿನ ಹೆಸರುಗಳು ಇವೇ ಇರಬೇಕು ಎಂದುಕೊಂಡೆ. ರಾಧಾಮಣಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

ಕಾಡಸಿದ್ದಪ್ಪ ಒಂದು ಎಲೆ ಎತ್ತಿ ಅದರ ಅಡಿ ನೋಡಿದ. "ಚಾಲಾ ಸಮ ಎದ್ದವೆ. ಬಂಡೀಲಿ ಮನೆ ಬಾಗ್ಲಗಂಟ ಬಂದ ಹುಳ ಹಿಂಗೆ ಏಳಲ್ಲ. ಕುಲುಕಿ ಕುಲುಕಿ ಅರ್ಧ ಮಂಕಾಗಿರ್ತವೆ. ಇವು ಹೆಂಗಸರ ತಲೆ ಮ್ಯಾಲೆ ಬಂದವು ನೋಡು." ಉಳಿದವರು ಹೌದೆಂಬಂತೆ ತಲೆಯಾಡಿಸಿದರು. ಅವನು ರಾಧಾಮಣಿಯ ಕಡೆ ತಿರುಗಿದ. "ಅಮ್ಮಾ, ಮುಂದಿನ ಬೆಳೆಗೆ ಏಳು ಮನೆಗೂ ನಿಂದೇ ಚಾಕಿ. ಒಂದೇ ಮಾತು. ಹಳ್ಳದಾಗೆ ಬಂಡಿ ಬ್ಯಾಡ. ಆ ದಡದಾಗೆ ನಿಲ್ಸಿ ಹೊತ್ಕಂಡೇ ತರ್ಬೇಕು."

"ಆಗ್ಲಿ" ಎಂದು ನಕ್ಕಳು ರಾಧಾಮಣಿ. ಅವಳ ಸೆರಗು ಬೆರಳಿನಿಂದ ಜಾರಿತು. ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಸಂತೋಷದ ನಡುವೆಯೂ ನನ್ನೊಳಗಿನ ಮೇಷ್ಟ್ರು ಗುಣಿಸಿದ. ಏಳು ಮನೆಗೆ ಹದಿನಾರರಂತೆ ನೂರಾ ಹನ್ನೆರಡು ಟ್ರೇ. "ಅಷ್ಟನ್ನೂ ಹೊರುವವರು ಯಾರು?" ಎಂದೆ.

"ಹೆಂಗಸರು ನಾವು ನಾಲ್ಕು ಜನ ಇದೀವಿ" ಎಂದಳು ಜಗದಾಂಬ. "ಐದನೇದು ಒಂದು ಬೇಕು."

ರಾಧಾಮಣಿ ನನ್ನ ಕಡೆ ನೋಡಿದಳು, ಅಷ್ಟೇ. ಜಗದಾಂಬ ತನ್ನ ಸಿಂಬೆಯನ್ನು ತೆಗೆದು ನನ್ನ ನೆತ್ತಿಯ ಮೇಲಿಟ್ಟಳು. ಮಡಕೆ ಕೊಳ್ಳುವಾಗ ಮಾಡುವ ಹಾಗೆ ಹಿಂದಿನಿಂದ, ಮುಂದಿನಿಂದ, ಎರಡೂ ಪಕ್ಕದಿಂದ ಬಗ್ಗಿ ನೋಡಿದಳು. ಬೆರಳಲ್ಲಿ ಒಂದು ಸಲ ತಟ್ಟಿದಳು.

"ಒಳ್ಳೆ ತಲೆ ಕಣಮ್ಮ" ಎಂದಳು ರಾಧಾಮಣಿಗೆ. "ಮ್ಯಾಲೆ ಎಷ್ಟು ಸಮವಾಗೈತೆ. ಟ್ರೇ ಇಡಾಕೇ ಅಂತ ಮಾಡಿದಂಗೈತೆ. ಇಷ್ಟು ದಿನ ಸುಮ್ನೆ ಇಸ್ಕೂಲಿಗೆ ಕಳಿಸ್ತಿದ್ದೀಯಲ್ಲ."